ಮಸಿ ಎದ್ದ ಜಾಗ

ದ್ರೌಪದಮ್ಮ ಒದ್ದೆ ಬಟ್ಟೆಯನ್ನು ಮಸಿ ಹಿಡಿದ ಗೋಡೆಗೆ ಇಡುವಷ್ಟರಲ್ಲಿ ಮಗ ಮುನಿಕೃಷ್ಣ ಅವಳ ಕೈ ಹಿಡಿದುಕೊಂಡ. "ಮುಟ್ಬೇಡಮ್ಮ."

"ತೊಳೀಲಿ ಬಿಡೋ," ಎಂದರು ಮನೆ ಓನರ್ ರಾಮಾಂಜಿನಪ್ಪ. "ನಿಮ್ಮಮ್ಮನ ದೀಪ ನನ್ ಮನೆ ಸುಟ್ಟಿದೆ. ತೊಳೆದು, ಖಾಲಿ ಮಾಡ್ಕೊಂಡ್ ಹೋಗಿ." ಅಡುಗೆಮನೆಗೆ ಬೆಂಕಿ ಬಿದ್ದು ಮೂರು ದಿನವಾಗಿತ್ತು. ಚಾಮರಾಜಪೇಟೆಯ ಆ ವಠಾರದವರೆಲ್ಲ ಅದೇ ಮಾತಾಡಿದ್ದರು; ಅವಳೂ ಅದನ್ನೇ ನಂಬಿಬಿಟ್ಟಿದ್ದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮುನಿಕೃಷ್ಣನಿಗೆ ಬೇರೇನೂ ಗೊತ್ತಿಲ್ಲದಿದ್ದರೂ ಗೋಡೆ ಗೊತ್ತು. ಹತ್ತು ವರ್ಷದಿಂದ ಬಣ್ಣ ಬಳಿಯುತ್ತಿದ್ದ. "ಇಲ್ನೋಡಿ ಸಾರ್. ಅಮ್ಮ ದೀಪ ಇಟ್ಟಿದ್ದ ದೇವರ ಗೂಡಿನ ಹತ್ರ ಮಸಿ ಮೇಲಿಂದ ಇಳಿದಿದೆ, ಕೆಳಗೆ ಸುಣ್ಣ ಬೆಳ್ಳಗೇ ಇದೆ. ದೀಪದಿಂದ ಹತ್ತಿದ್ರೆ ಮಸಿ ಗೂಡಿಂದ ಮೇಲಕ್ಕೆ ಏಳ್ಬೇಕಿತ್ತು. ಈಗ ನಿಮ್ ಸ್ವಿಚ್ ಬೋರ್ಡ್ ನೋಡಿ." ಬೋರ್ಡಿನಿಂದ ಎದ್ದ ಕಪ್ಪು ಮೇಲೆ ಹೋಗುತ್ತ ಬೀಸಣಿಗೆಯಂತೆ ಹರಡಿತ್ತು. "ಬೆಂಕಿ ಎದ್ದಿದ್ದು ಇಲ್ಲಿಂದ. ಕಿಡಿ ಹಾರ್ತಿದೆ ಅಂತ ಎಷ್ಟ್ ಸಲ ಹೇಳಿದ್ವಿ? ಅದಕ್ಕೇ ಅಲ್ವಾ ತೊಳ್ಸೋಕೆ ಇಷ್ಟು ಅರ್ಜೆಂಟು?"

ರಾಮಾಂಜಿನಪ್ಪ ಗೋಡೆಯ ಕಡೆ ನೋಡಲೇ ಇಲ್ಲ. "ಆಯ್ತು ಬಿಡಪ್ಪ, ಪೇಂಟ್ ನಾನೇ ಹೊಡಿಸ್ತೀನಿ."

"ಹಂಗಾದ್ರೆ ನಾನಲ್ವೇನೋ?" ಎಂದಳು ದ್ರೌಪದಮ್ಮ.

"ನೀನಲ್ಲಮ್ಮ."

ಅವಳು ಓನರ್ ಕಡೆಗೆ ತಿರುಗಿದಳು. "ದೇವರಿರೋ ಜಾಗಕ್ಕೆ ಚಪ್ಪಲಿ ಹಾಕ್ಕೊಂಡ್ ಬಂದಿದೀರ. ಹೊರಗ್ ನಡೀರಿ."