ಕೆಂಪಕ್ಕನ ಚಾಪೆ

ಸ್ನೇಹಲತಾ ಬಚ್ಚಲಿನಿಂದ ಬಂದವಳು ಹೊಸ್ತಿಲ ಆಚೆಯೇ ನಿಂತಳು. ಅತ್ತೆ ಕೆಂಪಕ್ಕನಿಗೆ ಅಷ್ಟು ಸಾಕಾಯಿತು. ಏನು, ಎತ್ತ ಎಂದು ಕೇಳದೆ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು ತಂದು ಅಂಗಳದಲ್ಲಿಟ್ಟು ಹಿಂದೆ ಸರಿದಳು. ಆ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಬೇಲಿಯಾಚೆಯ ಗುಡಿಸಲಲ್ಲಿರಬೇಕು. ಈ ಕಟ್ಟಳೆಯನ್ನು ಕೆಂಪಕ್ಕನಷ್ಟು ಬಿಗಿಯಾಗಿ ನಡೆಸಿದವರು ಇನ್ನೊಬ್ಬರಿಲ್ಲ. ದೇವರು ಒಮ್ಮೆ ಕಣ್ಣು ಮುಚ್ಚಿಕೊಂಡರೂ ಅವಳು ಮುಚ್ಚಿಕೊಳ್ಳುತ್ತಿರಲಿಲ್ಲ.

“ನಡಿ ತಾಯಿ, ಹೊತ್ತೇರ್ತದೆ. ಬಿಂದಿಗೇಲಿ ನೀರೂ ನೀನೇ ತಗಂಡೋಗು.”

“ರಕ್ತ ಕಾಣ್ತೈತೆ, ಆದ್ರೆ ಇದು ತಿಂಗ್ಳ ಮುಟ್ಟಲ್ಲ ಅತ್ತೆ,” ಎಂದಳು ಸ್ನೇಹಲತಾ. “ನಾನು ಬಸುರಿ. ಮೂರು ತಿಂಗ್ಳು ತುಂಬ್ಲಿ, ಆಮೇಲೆ ಹೇಳಾನ ಅಂತಿದ್ದೆ.”

ಮಗ ಅಂಜಿನಮೂರ್ತಿ ಲಾರಿ ಓಡಿಸುವವನು. ಗಂಡ ಹೆಂಡತಿ ಶಿರಾದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಅವನು ಲೋಡು ಹಾಕಿಕೊಂಡು ಗುಜರಾತಿಗೆ ಹೋದ ಮೇಲೆ ಸೊಸೆ ಹಟ್ಟಿಗೆ ಬಂದಿದ್ದಳು. ಅವಳ ತಿಂಗಳ ವಿಷಯ ಇಲ್ಲಿ ಯಾರಿಗೆ ಗೊತ್ತಾಗಬೇಕು? ಕೆಂಪಕ್ಕ ಇಷ್ಟು ವರ್ಷ ದೇವರಲ್ಲಿ ಬೇಡಿಕೊಂಡದ್ದು ಇದನ್ನೇ. ಅದು ಬಂದಾಗ ತಾನು ಕೊಟ್ಟದ್ದು ಚಾಪೆ. ಅವಳು ಅಂಗಳಕ್ಕಿಳಿದು ಸೊಸೆಯ ತೋಳು ಹಿಡಿದುಕೊಂಡಳು.

ಕಳ್ಳಂಬೆಳ್ಳದಿಂದ ಆಟೋ ತರಿಸಿದ್ದಾಯಿತು. ರಸ್ತೆಯ ಗುಂಡಿಗಳು ಕುಲುಕುತ್ತವೆಂದು ಶಿರಾದವರೆಗೂ ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹೋದಳು.

“ಮಗುವಿನ ಹೃದಯ ಬಡೀತಿದೆ,” ಎಂದರು ಆಸ್ಪತ್ರೆಯ ಡಾಕ್ಟರಮ್ಮ. “ಆದ್ರೆ ಉಳಿಯಬಹುದು, ಹೋಗಲೂಬಹುದು. ಈಗಲೇ ಹೇಳೋಕಾಗಲ್ಲ. ಮುಂದಿನ ವಾರ ಇನ್ನೊಂದು ಸ್ಕ್ಯಾನ್ ಮಾಡೋಣ. ಭಾರ ಎತ್ತೋದು ಬೇಡ. ರಕ್ತ ಹೆಚ್ಚಾದ್ರೆ, ಹೊಟ್ಟೆನೋವು ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ.”

“ಬೆಳಿಗ್ಗೆ ಇವಳ್ನ ಆಚೆಗೋಗು ಅಂದ್ಬುಟ್ಟೆ ಕಣಮ್ಮ. ಅದ್ಕೇನಾದ್ರೂ...”

“ಇಲ್ಲಮ್ಮ. ಇದು ಯಾರೂ ಮಾಡಿದ್ದಲ್ಲ.”

ಡಾಕ್ಟರಮ್ಮನಿಗೆ ಹಟ್ಟಿ ಗೊತ್ತಿಲ್ಲ. ಬಸುರು ನಿಲ್ಲದೆ ಹೋದರೆ, ರಕ್ತ ಕಂಡವಳು ಮನೆಯೊಳಗೆ ಮಲಗಿದ್ದಕ್ಕೇ ದೇವರು ಮುನಿದ ಎಂದು ಸೊಸೆಯ ತಲೆಗೇ ಕಟ್ಟುತ್ತಾರೆ. ಹಾಗೆ ಕಟ್ಟುವವರಲ್ಲಿ ಇಷ್ಟು ವರ್ಷ ಕೆಂಪಕ್ಕನದೇ ಮೊದಲ ದನಿ. ಗುಡಿಸಲಿಗೆ ಕಳಿಸೋಣವೆಂದರೆ ಬರೀ ನೆಲ, ನೀರೂ ಅವಳೇ ಹೊರಬೇಕು. ವಾಪಸು ಬರುವಾಗಲೂ ಆಟೋದಲ್ಲಿ ಸೊಸೆಯನ್ನು ತೊಡೆಯ ಮೇಲೆಯೇ ಕೂರಿಸಿಕೊಂಡಳು. ದೇವರಿಗೆ ಏನು ಹೇಳಿಕೊಳ್ಳಬೇಕೋ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

ಆಟೋ ಇಳಿದಾಗ ಗುಡಿಯ ಪೂಜಾರಿ, ಗಂಡನ ಅಣ್ಣ ದೊಡ್ಡರಂಗಯ್ಯ ಮನೆಯ ಮುಂದೆಯೇ ನಿಂತಿದ್ದ.

“ಬೆಳಿಗ್ಗಿಂದ ಚಾಪೆ ಅಂಗಳದಾಗೆ ಬಿದ್ದೈತಲ್ಲ. ಯಾರು ಹೊರಗಾಗಿರದು?”

ಸ್ನೇಹಲತಾ ತಲೆ ತಗ್ಗಿಸಿದಳು. ಕೆಂಪಕ್ಕ ಸೆರಗು ಸರಿಸಿ, ಆಟೋದಲ್ಲಿ ಸೊಸೆಯಿಂದ ಸೀರೆಗೆ ಹತ್ತಿದ್ದ ತೊಡೆಯ ಮೇಲಿನ ಕೆಂಪು ಕಲೆ ಅವನಿಗೆ ಚೆನ್ನಾಗಿ ಕಾಣುವಂತೆ ನಿಂತಳು.

“ನಾನೇ ಬಾವ.”

ದೊಡ್ಡರಂಗಯ್ಯ ಆ ಕಲೆ ನೋಡಿದ, ಅವಳ ನರೆತ ತಲೆ ನೋಡಿದ. ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಕೆಂಪಕ್ಕ ಮುಟ್ಟು ನಿಂತು ಗುಡಿಸಲಿಗೆ ಹೋಗುವುದನ್ನು ಬಿಟ್ಟು ಹತ್ತು ವರ್ಷವಾಗಿದ್ದು ಹಟ್ಟಿಗೆಲ್ಲ ಗೊತ್ತು. ಆದರೆ ಅವಳ ಮುಖ ನೋಡಿ ಅದನ್ನು ಕೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

“ಒಳಗೋಗಿ ಮಲಿಕ್ಕ. ಫೋನು ಪಕ್ಕದಾಗೇ ಇಟ್ಕ,” ಎಂದಳು ಸೊಸೆಗೆ. “ಬಿಂದಿಗೆ ಎತ್ಬೇಡ. ಹೊಲದಿಂದ ಬಂದ್ಮೇಲೆ ನೀರು ನಿಮ್ಮಾವ ಹೊತ್ಕಂಡು ಬರ್ಲಿ.”

ಬೆಳಿಗ್ಗೆ ತಾನೇ ತಂದಿಟ್ಟ ಚಾಪೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅರವತ್ತರ ಹತ್ತಿರದ ಕೆಂಪಕ್ಕ ಬೇಲಿ ದಾಟಿ ಗುಡಿಸಲಿನ ಕಡೆಗೆ ನಡೆದಳು.