ಸೋಸಿದ ಹಾಡು

ಹಾಡಿನ ರೆಕಾರ್ಡುಗಳು ತಮ್ಮನ್ನು ಕೇಳಿದವರ ದನಿಯನ್ನೂ ಹೀರಿಕೊಳ್ಳುತ್ತವೆ. ಹಾಗಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಕೆಮ್ಮು, ಕುಕ್ಕರಿನ ಸೀಟಿ, ಪಕ್ಕದ ಮನೆಯ ಜಗಳವನ್ನೆಲ್ಲ ಸೋಸುವುದು ಎಲ್ಲರ ಮನೆಯಲ್ಲೂ ಭಾನುವಾರದ ಕೆಲಸ.

ನಾನು ಕೆಮ್ಮನ್ನು ಬಿಟ್ಟೆ, ಸೀಟಿಯನ್ನೂ ಬಿಟ್ಟೆ. ನನ್ನ ಗಂಡ ಭುಜಂಗನ ತೀರಿಹೋದ ಮೊದಲ ಹೆಂಡತಿ ಇಂದುಮತಿ ಹಾಡಿನ ಜೊತೆ ಗುನುಗಿದ್ದನ್ನು ಮಾತ್ರ ಹುಡುಕಿ ಹುಡುಕಿ ಅಳಿಸಿದೆ. ರೆಕಾರ್ಡಿನಲ್ಲಿ ಅವಳು ಗುನುಗಿದಾಗಲೆಲ್ಲ ಇವನು ಖುಷಿಯಿಂದ ನಗುತ್ತಿದ್ದ. ನಾನು ಹಾಡಿದರೆ ಟೀವಿ ಜೋರು ಮಾಡುವ ಗಂಡಸು! ಅವಳಿಗೋ ತಾಳಜ್ಞಾನ ಸೊನ್ನೆ. ಪ್ರತಿ ಸಲವೂ ಗಾಯಕಿಗಿಂತ ಮುಂಚೆಯೇ ಪಲ್ಲವಿಗೆ ನುಗ್ಗುತ್ತಿದ್ದಳು.

"ಎಷ್ಟು ಚೆನ್ನಾಗಿ ಬಂದಿದೆ!" ಎಂದ ಭುಜಂಗ, ಸೋಸಿದ ಹಾಡು ಕೇಳುತ್ತ. ಅವಳ ದನಿ ಎಲ್ಲಿ ಎಂದು ಕೇಳಲೇ ಇಲ್ಲ. ನಾನು ಗೆದ್ದೆ ಅಂದುಕೊಂಡೆ.

ಚರಣ ಮುಗಿಯಿತು. ಗಾಯಕಿ ಇನ್ನೂ ಉಸಿರೆಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲೇ ಕಣ್ಣು ಮುಚ್ಚಿ ಕುಳಿತಿದ್ದ ಭುಜಂಗ ಪಲ್ಲವಿ ಎತ್ತಿಕೊಂಡ.

"ಮುಂಚೇನೇ ಶುರು ಮಾಡಿದೆ ನೀನು," ಎಂದೆ.

"ಇಲ್ಲ ಕಣೇ," ಎಂದ, ಕಣ್ಣು ತೆರೆಯದೆ. "ಇಲ್ಲೇ ಎತ್ಕೋಬೇಕು. ಆ ಹಾಡೋಳೇ ಯಾವಾಗ್ಲೂ ತಡ ಮಾಡೋದು."