ಗುಡುಗದ ಅಳಿಯ

"ಪರವಾಗಿಲ್ಲ ಅತ್ತೆ, ಚೂರು ಕೆಳಗೆ ಹೋಯ್ತು ಅಷ್ಟೆ," ಎಂದ ಅಳಿಯ.

ಚೂರಂತೆ ಚೂರು! ಹತ್ತು ಗುಂಡಿನಲ್ಲಿ ಏಳು ಗುರಿಯ ಹಾಳೆಯನ್ನೇ ಮುಟ್ಟದೆ ಕೆಳಗಿನ ಮಣ್ಣಿನ ದಿಬ್ಬಕ್ಕೆ ಹೊಕ್ಕಿದ್ದವು. ಠಾಣೆಯವರೆಲ್ಲ ದಫೇದಾರಮ್ಮ ಎಂದೇ ಕರೆಯುವ ಆ ಹೆಂಗಸು ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಕಿವಿಯ ಕವಚವನ್ನು ಕೊರಳಿಗೆ ಇಳಿಸಿದಳು. ಮಧ್ಯಾಹ್ನ ಪರೀಕ್ಷೆ. ಈಗಾಗಲೇ ಎರಡು ಸಲ ಫೇಲು. ಇವತ್ತೂ ಹೋಯಿತೋ, ಪಿಸ್ತೂಲು ವಾಪಸ್, ಗಸ್ತಿನ ಜೀಪು ಬೇರೆಯವರಿಗೆ, ಅವಳಿಗೆ ಟಪಾಲು ಕೋಣೆ. ಬೀದಿಯಲ್ಲಿ ದುಡಿದು ತಲೆ ನರೆತವಳು ಫ್ಯಾನಿನ ಕೆಳಗೆ ಕೂತು ಲಕೋಟೆಗೆ ಮುದ್ರೆ ಒತ್ತುವುದೇ?

ಅಳಿಯನೇ ಈ ಫೈರಿಂಗ್ ಮೈದಾನದ ತರಬೇತುದಾರ, ಅವನಿಗೆ ಹುಡುಗರು ಇಟ್ಟ ಹೆಸರು ಗುಡುಗು. ಈಗಷ್ಟೇ ಪಕ್ಕದ ಸಾಲಿನ ದಢೂತಿ ಪೇದೆಯ ಹಿಂದೆ ನಿಂತು, "ಕಣ್ಣು ಮುಚ್ಕೊಂಡು ಯಾರಿಗೆ ನಮಸ್ಕಾರ ಹೊಡೀತಿದೀಯೋ!" ಎಂದು ಅಬ್ಬರಿಸಿದ್ದ. ಬೆವರು ಒರೆಸಿಕೊಂಡ ಪೇದೆ ಮರುಗಳಿಗೆಯೇ ನಡುವಿನ ವೃತ್ತಕ್ಕೆ ಎರಡು ಗುಂಡು ಕೂರಿಸಿದ್ದ. ಅಂಥ ಗುಡುಗು, ಹೆಣ್ಣು ಕೊಟ್ಟ ಅತ್ತೆಯ ಮುಂದೆ ಬಂದರೆ ಸಾಕು, ಬೆಣ್ಣೆ.

"ಅಳಿಯಂದ್ರೇ, ಇಲ್ಲಿ ಬನ್ನಿ. ಆ ಪೇದೆ ಏನು ತಪ್ಪು ಮಾಡ್ತಿದ್ದ?"

"ಗುಂಡು ಹಾರೋಕೆ ಮುಂಚೇನೇ ಹೆದರಿ ಕೈ ಕೆಳಗೆ ತಳ್ತಿದ್ದ."

"ನಾನು?"

ಅಳಿಯ ಬೂಟಿನ ತುದಿ ನೋಡಿಕೊಂಡ. "ನೀವೂ... ಒಂಚೂರು..."

"ಅವನಿಗೆ ಬೈದ್ರಿ, ಸರಿಹೋದ. ನನಗೆ ಮಾತ್ರ ಪರವಾಗಿಲ್ಲ ಅತ್ತೆ, ಪರವಾಗಿಲ್ಲ ಅತ್ತೆ ಅಂತ ಎರಡು ಸಲ ಮುಳುಗಿಸಿದ್ರಿ!"

"ನಿಮಗೆ ಬೈಯೋಕೆ ನಾಲಿಗೆ ಹೊರಳಲ್ಲ ಅತ್ತೆ."

"ಹೊರಳಿಸ್ರಿ! ಯಾವನೋ ಚಾಕು ಹಿಡ್ಕೊಂಡು ಮೇಲೆ ಬಿದ್ರೆ, ಅವನೂ ಪರವಾಗಿಲ್ಲ ಅತ್ತೆ ಅಂತ ನಿಂತ್ಕೋತಾನಾ?"

ಅಳಿಯ ಪಿಸ್ತೂಲಿನ ಮ್ಯಾಗಜೀನನ್ನು ಕಳಚಿ, ಬೆನ್ನ ಹಿಂದೆ ಹಿಡಿದು ತುಂಬಿದ: ಕೆಲವು ನಿಜವಾದ ತೋಟಾ, ಕೆಲವು ಮದ್ದಿಲ್ಲದ ಡಮ್ಮಿ. ಯಾವುದರ ಹಿಂದೆ ಯಾವುದು ಬರುತ್ತದೆಂದು ಅವಳಿಗೆ ಗೊತ್ತಿಲ್ಲ. ಮೊದಲನೆಯದು ಢಮ್ಮೆಂದಿತು. ಎರಡನೆಯದು ಬರೀ ಟಕ್. ಗುಂಡಿಲ್ಲ, ಸದ್ದಿಲ್ಲ, ಆದರೂ ಪಿಸ್ತೂಲಿನ ಮೂತಿ ತೂಕಡಿಸಿದವರ ತಲೆಯಂತೆ ಕೆಳಕ್ಕೆ ಬಾಗಿತು. ತನ್ನ ಕೈಯ ಕಳ್ಳತನವನ್ನು ದಫೇದಾರಮ್ಮ ಮೊದಲ ಸಲ ಕಣ್ಣಾರೆ ಕಂಡಳು. ಛೇ, ಇಷ್ಟು ವರ್ಷ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದು ಈ ಹೆದರಿಕೆಯನ್ನೇ ಎಂದು ನಾಚಿಕೆಯಾಯಿತು.

ಆಗ ಗುಡುಗಿತು ನೋಡಿ!

"ಏನ್ರೀ ಅದು! ಟ್ರಿಗರ್ ಒತ್ತೋದಾ, ಸೊಳ್ಳೆ ಹೊಡೆಯೋದಾ? ಬರದೇ ಇರೋ ಗುಂಡಿಗೇ ಇಷ್ಟು ನಡುಗಿದ್ರೆ ಬರೋ ಗುಂಡಿಗೇನು ಮಾಡ್ತೀರಿ? ಬೆರಳು ಮಾತ್ರ ಅಲ್ಲಾಡಬೇಕು! ನಿಧಾನ! ಮತ್ತೆ!"

ಮೈದಾನವೇ ತಿರುಗಿ ನೋಡಿತು. ದಢೂತಿ ಪೇದೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ದಫೇದಾರಮ್ಮನ ಮುಖ ಕೆಂಪೇರಿತು, ಕೇಳಿ ಬೈಸಿಕೊಂಡಿದ್ದರೂ ಅಳಿಯನ ಮೇಲೆ ಕೆಟ್ಟ ಸಿಟ್ಟು ಬಂತು. ಬರಲಿ ಬಿಡಿ, ಹೆದರಿಕೆ ಕೂತಿದ್ದ ಜಾಗಕ್ಕೆ ಸಿಟ್ಟಾದರೂ ಬಂತಲ್ಲ! ಅಳಿಯ ಮತ್ತೆ ತುಂಬಿದ, ಮತ್ತೆ ಬೈದ. ಮೂತಿ ಬಾಗಿದಾಗಲೆಲ್ಲ ಬೈಗುಳ. ಅವಳು ಹಲ್ಲು ಕಚ್ಚಿ, ಬೆರಳನ್ನು ಮಾತ್ರ ಹಿಂದಕ್ಕೆ ಎಳೆಯುತ್ತಾ, ಎಳೆಯುತ್ತಾ ಹೋದಳು. ಊಟದ ಹೊತ್ತು ಹತ್ತಿರವಾದಾಗ ಇನ್ನೊಂದು ಟಕ್ ಕೇಳಿಸಿತು. ಮೂತಿ ಅಲುಗಲಿಲ್ಲ. ಬೈಯಲು ತೆರೆದಿದ್ದ ಅಳಿಯನ ಬಾಯಿ ತೆರೆದೇ ಇತ್ತು.

"ಹ್ಞಾ! ಇದು! ಇದೇ!" ಎಂದು ಕುಣಿದೇಬಿಟ್ಟ.

ಮಧ್ಯಾಹ್ನ ಮೇಲಧಿಕಾರಿ ಬಂದು ಕೂತರು. ಇಪ್ಪತ್ತು ಗುಂಡು. ದಫೇದಾರಮ್ಮನಿಗೆ ಅಧಿಕಾರಿಯೂ ಕಾಣಲಿಲ್ಲ, ಅಳಿಯನೂ ಕಾಣಲಿಲ್ಲ, ಮೂತಿಯ ಮೇಲಿನ ಪುಟ್ಟ ಗುರಿಗೂಟ ಮಾತ್ರ ಕಂಡಿತು. ಸುಟ್ಟ ತೋಟಾಗಳು ಟಣಟಣ ಎನ್ನುತ್ತಾ ಸಿಮೆಂಟಿನ ಮೇಲೆ ಉರುಳಿದವು. ಹಾಳೆಯ ಹತ್ತಿರ ಹೋಗಿ ಎಣಿಸಿ ಬಂದ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಹೋಗಿ ಇನ್ನೊಮ್ಮೆ ಎಣಿಸಿದರು.

"ಹದಿನೆಂಟು! ಹೋದ ಸಲ ಆರು ಬಿದ್ದಿತ್ತಲ್ಲಮ್ಮ. ಏನು ಮಾಡಿದೆ?"

"ಬೈಸ್ಕೊಂಡೆ ಸಾರ್!"

ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ದಢೂತಿ ಪೇದೆ. ಪಿಸ್ತೂಲು ವಾಪಸ್ ತೆಗೆದುಕೊಳ್ಳಲು ಆಗಲೇ ಕಿಟಕಿಯಿಂದ ಕೈ ಚಾಚಿದ್ದ ಆಯುಧ ಕೋಣೆಯವನು ಪೆಚ್ಚಾಗಿ ಕೈ ಒಳಗೆಳೆದುಕೊಂಡ. ಅವಳು ಅವನ ಕಣ್ಣೆದುರೇ ಅದನ್ನು ಸೊಂಟದ ಚೀಲಕ್ಕಿಳಿಸಿ ಗುಂಡಿ ಹಾಕಿದಳು. ಜೀಪು ತನ್ನದೇ, ಬೀದಿಯೂ ತನ್ನದೇ. ಕುಣಿಯಬೇಕೆನಿಸಿತು, ಸಮವಸ್ತ್ರ ನೋಡಿಕೊಂಡು ಸುಮ್ಮನಾದಳು.

ಅಷ್ಟರಲ್ಲಿ ಮಗಳ ಫೋನು. ಯಾವ ಪುಣ್ಯಾತ್ಮ ಊದಿದ್ದನೋ, ಫಲಿತಾಂಶಕ್ಕಿಂತ ಮುಂಚೆ ಬೈಗುಳದ ಸುದ್ದಿ ಮನೆ ಮುಟ್ಟಿತ್ತು. "ಅಮ್ಮಾ, ಅಷ್ಟು ಜನರ ಮುಂದೆ ಇವರು ನಿನಗೆ ಮರ್ಯಾದೆ ಇಲ್ದೆ ಬೈದ್ರಂತೆ? ಬರ್ಲಿ ಮನೆಗೆ, ಮಾಡ್ತೀನಿ!"

ಪಕ್ಕದಲ್ಲೇ ನಿಂತಿದ್ದ ಅಳಿಯನಿಗೆ ಅದು ಚೆನ್ನಾಗಿಯೇ ಕೇಳಿಸಿತು. ಅವನ ಮುಖ ನೋಡಿ ದಫೇದಾರಮ್ಮ ನಕ್ಕಳು.

"ಬೈದ್ರು ಕಣೇ. ಮರ್ಯಾದೆ ಕೊಡೋರು ಠಾಣೆ ತುಂಬ ಇದ್ರು. ನಾನು ಬದುಕಿ ಮನೆಗೆ ಬರ್ಲಿ ಅಂತ ಬೈದೋರು ಇವರೊಬ್ಬರೇ."